ಜ್ಯೂರಿ ಮುಂದೆ ಗೂಗಲ್: ಕೇಳಿದ್ದೇನು, ನಡೆದದ್ದೇನು

ಫೋರ್ಟ್‌ನೈಟ್ ಆಟ ತಯಾರಿಸುವ ಎಪಿಕ್ ಗೇಮ್ಸ್, ಪ್ಲೇ ಸ್ಟೋರ್ ವಿಚಾರದಲ್ಲಿ ಗೂಗಲ್ ಮೇಲೆ ಏಕಸ್ವಾಮ್ಯದ ದಾವೆ ಹೂಡಿತ್ತು. 2023ರ ಡಿಸೆಂಬರ್ 11ರಂದು ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಎಲ್ಲ ಪ್ರಶ್ನೆಗಳಲ್ಲೂ ಗೂಗಲ್ ವಿರುದ್ಧವೇ ಒಮ್ಮತದ ತೀರ್ಪು ಕೊಟ್ಟಿತು. ಅಂದಿನಿಂದ ಜ್ಯೂರಿಯ ಬಗ್ಗೆ ಬಗೆಬಗೆಯ ಮಾತು ಕೇಳುತ್ತಿದ್ದೇವೆ. ನಮಗೆ ಜ್ಯೂರಿ ಎಂದರೆ 1959ರ ನಾನಾವತಿ ಪ್ರಕರಣ, ಇಲ್ಲವೇ ಹಾಲಿವುಡ್ ಸಿನಿಮಾ. ನಂಬಿದ್ದರಲ್ಲಿ ಅರ್ಧ ತಪ್ಪಾಗಿದ್ದರೆ ಆಶ್ಚರ್ಯವೇನಿಲ್ಲ.

ತಪ್ಪು ಕಲ್ಪನೆ: ಜ್ಯೂರಿ ಇರುವುದು ಕೊಲೆ, ದರೋಡೆಯ ಮೊಕದ್ದಮೆಗೆ. ವ್ಯಾಪಾರದ ಜಗಳದಲ್ಲಿ ಅದಕ್ಕೇನು ಕೆಲಸ?

ವಾಸ್ತವ: ಅಮೆರಿಕದ ಸಂವಿಧಾನದ ಏಳನೇ ತಿದ್ದುಪಡಿ ಸಿವಿಲ್ ದಾವೆಗೂ ಜ್ಯೂರಿಯ ಹಕ್ಕು ಕೊಟ್ಟಿದೆ. ಅಲ್ಲಿ ಹೇಳಿರುವ ಕನಿಷ್ಠ ಮೊತ್ತ ಇಪ್ಪತ್ತು ಡಾಲರ್! ಆದರೆ ಒಂದು ಭೇದವಿದೆ. ವಾದಿ ಪರಿಹಾರದ ಹಣ ಕೇಳಿದರೆ ಜ್ಯೂರಿ. ಬರೀ ತಡೆಯಾಜ್ಞೆ ಕೇಳಿದರೆ ನ್ಯಾಯಾಧೀಶರೊಬ್ಬರೇ ಸಾಕು.

ಈ ಭೇದದ ಮೇಲೆಯೇ ವಕೀಲರ ಚದುರಂಗ ನಡೆಯುತ್ತದೆ. ಆನ್‌ಲೈನ್ ಜಾಹೀರಾತು ವ್ಯವಹಾರದ ಬಗ್ಗೆ ಅಮೆರಿಕ ಸರ್ಕಾರ ವರ್ಜೀನಿಯಾದಲ್ಲಿ ಗೂಗಲ್ ಮೇಲೆ ದಾವೆ ಹೂಡಿ, ಜೊತೆಗೆ ಪರಿಹಾರವನ್ನೂ ಕೇಳಿತ್ತು. 2024ರಲ್ಲಿ ಗೂಗಲ್ ಆ ಪರಿಹಾರಕ್ಕೆ ಸುಮಾರು 23 ಲಕ್ಷ ಡಾಲರಿನ ಚೆಕ್ಕನ್ನು ಮೊದಲೇ ಕೊಟ್ಟುಬಿಟ್ಟಿತು. ಹಣದ ಬೇಡಿಕೆ ತೀರಿತು, ಜ್ಯೂರಿಯ ಹಕ್ಕೂ ಬಿತ್ತು. ಆದರೂ 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ಮುಖ್ಯ ಆರೋಪಗಳಲ್ಲಿ ಗೂಗಲ್ ವಿರುದ್ಧವೇ ತೀರ್ಪು ಬರೆದರು. ಜ್ಯೂರಿ ತಪ್ಪಿದರೆ ಗಂಡಾಂತರ ತಪ್ಪಿತು ಎಂಬ ಲೆಕ್ಕ ಅಲ್ಲಿ ಕೂಡಲಿಲ್ಲ.

ತಪ್ಪು ಕಲ್ಪನೆ: ಬಸ್ ಚಾಲಕ, ಶಾಲಾ ಶಿಕ್ಷಕಿ, ನಿವೃತ್ತ ಗುಮಾಸ್ತ ಕೂತು ಮಾರುಕಟ್ಟೆಯ ಅರ್ಥಶಾಸ್ತ್ರ ನಿರ್ಧರಿಸುವುದು ಹುಡುಗಾಟ.

ವಾಸ್ತವ: ಈ ಅನುಮಾನಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಮೆಮೊರೆಕ್ಸ್ ಕಂಪನಿ ಐಬಿಎಂ ಮೇಲೆ ಹೂಡಿದ್ದ ದಾವೆಯಲ್ಲಿ 1978ರಲ್ಲಿ ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿದ ಜ್ಯೂರಿ ಒಮ್ಮತಕ್ಕೆ ಬರಲಾಗದೆ ಕೈಚೆಲ್ಲಿತು. ಇಂಥ ತೊಡಕಿನ ದಾವೆಗೆ ಜ್ಯೂರಿ ಬೇಕೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳೇ ಒಂದೊಂದು ದಿಕ್ಕಿಗೆ ಮುಖ ಮಾಡಿದವು. ಮೂರನೇ ಸರ್ಕ್ಯೂಟ್ 1980ರಲ್ಲಿ ವಿನಾಯಿತಿಗೆ ಬಾಗಿಲು ತೆರೆಯಿತು; ಒಂಬತ್ತನೇ ಸರ್ಕ್ಯೂಟ್ ಅದಕ್ಕೂ ಒಂದು ವರ್ಷ ಮೊದಲೇ ಅಂಥ ವಿನಾಯಿತಿ ಇಲ್ಲವೆಂದಿತ್ತು.

ನಾವು ಮರೆಯುವುದು ಇಷ್ಟೇ: ಜ್ಯೂರಿಗೆ ಅರ್ಥಶಾಸ್ತ್ರದ ಪ್ರಬಂಧ ಬರೆಯಲು ಯಾರೂ ಹೇಳುವುದಿಲ್ಲ. ಕೈಗೆ ಬರುವುದು ಪ್ರಶ್ನೆಗಳಿರುವ ಒಂದು ನಮೂನೆ. ಮಾರುಕಟ್ಟೆ ಇಂಥದ್ದು ಎಂದು ಎಪಿಕ್ ಸಾಬೀತು ಮಾಡಿದೆಯೇ? ಆ ಮಾರುಕಟ್ಟೆಯಲ್ಲಿ ಗೂಗಲ್ ಸ್ಪರ್ಧೆಗೆ ಅಡ್ಡಬರುವ ನಡತೆಯಿಂದ ಏಕಸ್ವಾಮ್ಯ ಗಳಿಸಿತೇ, ಉಳಿಸಿಕೊಂಡಿತೇ? ಇದರಿಂದ ಎಪಿಕ್‌ಗೆ ಹಾನಿಯಾಯಿತೇ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಕಾನೂನು ಏನೆಂದು ನ್ಯಾಯಾಧೀಶರು ಮೊದಲೇ ವಿವರಿಸಿರುತ್ತಾರೆ. ಯಾವ ತಜ್ಞರ ಮಾತು ಜ್ಯೂರಿಯ ಕಿವಿಗೆ ಬೀಳಬಹುದು ಎಂಬುದನ್ನೂ ಅವರೇ ಸೋಸಿರುತ್ತಾರೆ.

ಇನ್ನೊಂದು, ಸಾಕ್ಷ್ಯವೆಲ್ಲ ಸಮೀಕರಣವೇ ಆಗಿರುವುದಿಲ್ಲ. ದೊಡ್ಡ ಆಟದ ಕಂಪನಿಗಳು ಪ್ಲೇ ಸ್ಟೋರ್ ಬಿಟ್ಟುಹೋಗದಂತೆ ಗೂಗಲ್ ಒಳಗೊಳಗೇ ನಡೆಸಿದ ಯೋಜನೆಗೆ ಪ್ರಾಜೆಕ್ಟ್ ಹಗ್, ಅಂದರೆ ಅಪ್ಪುಗೆ ಎಂದೇ ಹೆಸರಿತ್ತು. ಅಲ್ಲಿನ ನೌಕರರ ಆಂತರಿಕ ಚಾಟ್‌ಗಳು, ಹಿಸ್ಟರಿ ಆಫ್ ಇದ್ದರೆ, 24 ಗಂಟೆಯಲ್ಲಿ ಅಳಿಸಿಹೋಗುತ್ತಿದ್ದವು. ದಾವೆ ಶುರುವಾದ ಮೇಲೂ ಅದನ್ನು ತಡೆಯಲಿಲ್ಲವೆಂದು ನ್ಯಾಯಾಧೀಶ ಜೇಮ್ಸ್ ಡೊನಾಟೊ ಸಿಟ್ಟಾಗಿದ್ದರು. ಅಳಿಸಿದ್ದರಲ್ಲಿ ಗೂಗಲ್‌ಗೆ ಮುಳುವಾಗುವ ವಿಷಯವಿತ್ತು ಎಂದು ಜ್ಯೂರಿ ಬೇಕಾದರೆ ಊಹಿಸಬಹುದು, ಕಡ್ಡಾಯವಲ್ಲ ಎಂದರು. ಕಾಗದಪತ್ರ ಯಾಕೆ ಕಾಣೆಯಾಯಿತು ಎಂದು ತೂಗಲು ಡಾಕ್ಟರೇಟ್ ಬೇಕೇ? ಬಸ್ ಚಾಲಕ ಸಾಕು.

ಆದರೆ ಇದೇ ಎಪಿಕ್ ಆ್ಯಪಲ್ ವಿರುದ್ಧ ಹೂಡಿದ ದಾವೆ 2021ರಲ್ಲಿ ಜ್ಯೂರಿಯಿಲ್ಲದೆ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರಾಜರ್ಸ್ ಎದುರು ನಡೆದು, ಹೆಚ್ಚುಪಾಲು ಬಿದ್ದುಹೋಯಿತಲ್ಲ? ಹೌದು. ವ್ಯತ್ಯಾಸವೆಲ್ಲ ಜ್ಯೂರಿಯದೇ ಎನ್ನುವವರು ಸಾಕ್ಷ್ಯದ ವ್ಯತ್ಯಾಸ ನೋಡುವುದಿಲ್ಲ. ಆ್ಯಪಲ್ ತನ್ನ ಫೋನನ್ನು ತಾನೇ ಮಾಡುತ್ತದೆ. ಗೂಗಲ್ ಬೇರೆ ಫೋನ್ ತಯಾರಕರೊಡನೆ ಒಪ್ಪಂದ ಮಾಡಿಕೊಳ್ಳಬೇಕಾಗಿತ್ತು, ಆ ಒಪ್ಪಂದಗಳೇ ಸಾಕ್ಷ್ಯವಾಗಿ ಬಂದವು.

ತಪ್ಪು ಕಲ್ಪನೆ: ದೊಡ್ಡ ಕಂಪನಿ ಕಂಡರೆ ಜ್ಯೂರಿಗೆ ಆಗದು, ಎದುರಾಳಿಗೇ ಗೆಲುವು ಖಚಿತ.

ವಾಸ್ತವ: 2014ರಲ್ಲಿ ಐಪಾಡ್ ದಾವೆಯಲ್ಲಿ ಓಕ್ಲೆಂಡ್‌ನ ಜ್ಯೂರಿ ಕೆಲವೇ ಗಂಟೆಗಳಲ್ಲಿ ಆ್ಯಪಲ್ ಪರ ತೀರ್ಪು ಕೊಟ್ಟಿತು. ಕೋಳಿಮಾಂಸದ ಬೆಲೆ ಕೂಡಿ ಏರಿಸಿದರೆಂದು ಸರ್ಕಾರ ಹೂಡಿದ ಕ್ರಿಮಿನಲ್ ಮೊಕದ್ದಮೆಯಲ್ಲಿ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೂರನೇ ಸಲ, 2022ರಲ್ಲಿ, ಉಳಿದಿದ್ದ ಐವರು ಆರೋಪಿಗಳೂ ಖುಲಾಸೆಯಾದರು.

ತಪ್ಪು ಕಲ್ಪನೆ: ಜ್ಯೂರಿ ಕೂಗಿದ ಮೊತ್ತವೇ ಕೈಗೆ ಬರುವ ಮೊತ್ತ.

ವಾಸ್ತವ: ಎಂದೂ ಅಲ್ಲ. ಏಕಸ್ವಾಮ್ಯದ ದಾವೆಯಲ್ಲಿ ಜ್ಯೂರಿ ಹೇಳಿದ ಪರಿಹಾರವನ್ನು ಕಾನೂನು ತಾನಾಗಿ ಮೂರು ಪಟ್ಟು ಮಾಡುತ್ತದೆ. ಇದನ್ನು ಸಾಮಾನ್ಯವಾಗಿ ಜ್ಯೂರಿಗೆ ತಿಳಿಸುವುದೂ ಇಲ್ಲ, ತಿಳಿದರೆ ಮೊತ್ತ ಇಳಿಸಿಯಾರು ಎಂಬ ಭಯ. 1986ರಲ್ಲಿ ಯುಎಸ್‌ಎಫ್‌ಎಲ್ ಎಂಬ ಹೊಸ ಫುಟ್‌ಬಾಲ್ ಲೀಗ್, ದೈತ್ಯ ಎನ್‌ಎಫ್‌ಎಲ್ ವಿರುದ್ಧ ಗೆದ್ದಿತು. ಜ್ಯೂರಿ ಕೊಟ್ಟ ಪರಿಹಾರ ಒಂದು ಡಾಲರ್! ಮೂರು ಪಟ್ಟಾಗಿ ಮೂರು ಡಾಲರ್. ಬಡ್ಡಿ ಸೇರಿ ಕೊನೆಗೆ ಬಂದ ಚೆಕ್ಕು 3.76 ಡಾಲರಿನದು. ಲೀಗ್ ಮುಚ್ಚಿಹೋಯಿತು.

ತಿರುಗುಮುರುಗು ಉದಾಹರಣೆಯೂ ಇದೆ. 2024ರ ಜೂನ್‌ನಲ್ಲಿ ಇದೇ ಎನ್‌ಎಫ್‌ಎಲ್ ತನ್ನ ಭಾನುವಾರದ ಪಂದ್ಯಗಳ ಟಿವಿ ಪ್ಯಾಕೇಜ್ ವಿಚಾರದಲ್ಲಿ ಸುಮಾರು 470 ಕೋಟಿ ಡಾಲರ್ ತೆರಬೇಕೆಂದು ಲಾಸ್ ಏಂಜಲೀಸ್‌ನ ಜ್ಯೂರಿ ಹೇಳಿತು. ಸುದ್ದಿ ಎಲ್ಲೆಡೆ ಹಬ್ಬಿತು. ಆಗಸ್ಟ್‌ನಲ್ಲಿ ನ್ಯಾಯಾಧೀಶರು ಆ ತೀರ್ಪನ್ನೇ ರದ್ದುಮಾಡಿದರು. ಆ ಸುದ್ದಿ ಅಷ್ಟು ಹಬ್ಬಲಿಲ್ಲ.

ತಪ್ಪು ಕಲ್ಪನೆ: ಪ್ಲೇ ಸ್ಟೋರ್ ಬಾಗಿಲು ತೆರೆಸಿದ್ದು ಜ್ಯೂರಿ.

ವಾಸ್ತವ: ಜ್ಯೂರಿ ತಪ್ಪು ನಡೆದಿದೆ ಎಂದಷ್ಟೇ ಹೇಳಿತು. ಗೂಗಲ್ ಏನು ಮಾಡಬೇಕು, ಏನು ಮಾಡಬಾರದು ಎಂಬ ಆದೇಶ ಡೊನಾಟೊ ಅವರದು, 2024ರ ಅಕ್ಟೋಬರ್‌ನದು. 2025ರ ಜುಲೈನಲ್ಲಿ ಒಂಬತ್ತನೇ ಸರ್ಕ್ಯೂಟ್ ಅದನ್ನು ಎತ್ತಿಹಿಡಿಯಿತು.

ತಪ್ಪು ಕಲ್ಪನೆ: ನಮ್ಮಲ್ಲೂ ಗೂಗಲ್‌ಗೆ ದಂಡ ಬಿತ್ತಲ್ಲ, ಅದೂ ಇಂಥದ್ದೇ ವಿಚಾರಣೆ.

ವಾಸ್ತವ: ಅಲ್ಲ. ಇಲ್ಲಿ ಜ್ಯೂರಿಯಿಲ್ಲ. 2022ರ ಅಕ್ಟೋಬರ್‌ನಲ್ಲಿ ಪ್ಲೇ ಸ್ಟೋರ್ ಪಾವತಿ ನಿಯಮಗಳಿಗಾಗಿ 936.44 ಕೋಟಿ ರೂಪಾಯಿ ದಂಡ ಹಾಕಿದ್ದು ಭಾರತದ ಸ್ಪರ್ಧಾ ಆಯೋಗ. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಆ ದಂಡವೂ ಹೋಗುವುದು ಭಾರತದ ಸಂಚಿತ ನಿಧಿಗೆ. ಪ್ಲೇ ಸ್ಟೋರ್ ನಿಯಮದಿಂದ ತನಗೆ ನಷ್ಟವಾಯಿತು ಎನ್ನುವ ಬೆಂಗಳೂರಿನ ಆ್ಯಪ್ ಕಂಪನಿ ಪರಿಹಾರ ಬೇಕಾದರೆ ಅದೇ ನ್ಯಾಯಮಂಡಳಿಯ ಮುಂದೆ ಬೇರೆ ಅರ್ಜಿ ಹಾಕಿ, ಆದ ನಷ್ಟವನ್ನು ರುಜುವಾತು ಮಾಡಬೇಕು. ಗೆದ್ದರೂ ಮೂರು ಪಟ್ಟು ಸಿಗುವುದಿಲ್ಲ.