ಎರಡು ಚೀಲ, ಒಂದೇ ಉಪ್ಪು: ಸೋಡಿಯಂ ಸಲ್ಫೇಟ್ ಕೊಳ್ಳುವ ಮುನ್ನ

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಪರಿಚಯದವರೊಬ್ಬರು ಒಂದು ಏಪ್ರಿಲ್ ತಿಂಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹತ್ತು ಚೀಲ ಗ್ಲಾಬರ್ ಸಾಲ್ಟ್ ತಂದು ತಗಡಿನ ಶೆಡ್ಡಿನಲ್ಲಿ ಒಟ್ಟಿದರು. ವಾರದೊಳಗೆ ಚೀಲಗಳ ಬುಡದಿಂದ ನೀರು ಜಿನುಗತೊಡಗಿತು. ಸೂರು ಸೋರಿರಲಿಲ್ಲ, ಮಳೆಯೂ ಬಂದಿರಲಿಲ್ಲ. ಒದ್ದೆ ಮಾಲು ಕೊಟ್ಟು ಮೋಸ ಮಾಡಿದರು ಎಂದೇ ಅವರು ನಂಬಿಕೊಂಡಿದ್ದರು. ಮೋಸ ಆಗಿರಲಿಲ್ಲ. ಆ ನೀರು ಉಪ್ಪಿನೊಳಗೇ ಇತ್ತು.

ಅವರು ತಂದ ವಸ್ತು ಸೋಡಿಯಂ ಸಲ್ಫೇಟ್. ಎರಡು ಪಾಲು ಸೋಡಿಯಂ, ಒಂದು ಪಾಲು ಗಂಧಕ, ನಾಲ್ಕು ಪಾಲು ಆಮ್ಲಜನಕ ಸೇರಿ ಆದ ಬಿಳಿ ಲವಣ ಇದು. ವಾಸನೆ ಇಲ್ಲ. ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅಂಗಡಿಯಲ್ಲಿ ಇದು ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಹಿಟ್ಟಿನಂಥ ಒಣಪುಡಿ. ಇದಕ್ಕೆ ಅನ್‌ಹೈಡ್ರಸ್, ಅಂದರೆ ನಿರ್ಜಲ, ಎನ್ನುತ್ತಾರೆ. ಇನ್ನೊಂದು, ಗಾಜಿನ ಚೂರಿನಂತೆ ಹೊಳೆಯುವ ಹರಳು. ಇದೇ ಗ್ಲಾಬರ್ ಸಾಲ್ಟ್. ಆದರೆ ಕೆಲವು ವ್ಯಾಪಾರಿಗಳು ಎರಡನ್ನೂ ಗ್ಲಾಬರ್ ಸಾಲ್ಟ್ ಎಂದೇ ಕರೆಯುತ್ತಾರೆ. ಗೊಂದಲ ಹುಟ್ಟುವುದು ಅಲ್ಲಿಂದಲೇ.

ಹರಳಿನಲ್ಲಿ ಉಪ್ಪಿನ ಒಂದೊಂದು ಘಟಕವೂ ಹತ್ತು ನೀರಿನ ಅಣುಗಳನ್ನು ಹಿಡಿದುಕೊಂಡಿರುತ್ತದೆ. ಮುಟ್ಟಿದರೆ ಕೈಗೆ ಒದ್ದೆ ಹತ್ತುವುದಿಲ್ಲ. ಆದರೂ ಒಂದು ಕಿಲೋ ಹರಳಿನಲ್ಲಿ ಸುಮಾರು 560 ಗ್ರಾಂ ನೀರು, ಉಳಿದ 440 ಗ್ರಾಂ ಮಾತ್ರ ಉಪ್ಪು. ಈ ಹರಳಿಗೆ 32.4 ಡಿಗ್ರಿ ಸೆಲ್ಸಿಯಸ್ ತಗುಲಿದರೆ ಹಿಡಿತ ಸಡಿಲಿ, ಒಳಗಿನ ನೀರು ಹೊರಬೀಳುತ್ತದೆ. ತನ್ನ ನೀರಿನಲ್ಲಿ ತಾನೇ ಅರ್ಧಂಬರ್ಧ ಕರಗಿ ರಾಡಿಯಾಗುತ್ತದೆ. ಬಾಗಲಕೋಟೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ 32 ಡಿಗ್ರಿ ಎಂದರೆ ಬೆಳಗಿನ ತಂಪು ಹೊತ್ತು! ಚೀಲ ಸೋರದೆ ಇನ್ನೇನು ಮಾಡೀತು?

ಈ 32 ಡಿಗ್ರಿಯ ಗಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಉಪ್ಪನ್ನು ತಯಾರಿಸುವುದು, ಬಳಸುವುದು, ಇದರಿಂದ ಗೋಡೆ ಹಾಳಾಗುವುದು, ಎಲ್ಲಕ್ಕೂ ಅದೇ ಕೀಲಿ. ನೂರು ಗ್ರಾಂ ನೀರು ಸೊನ್ನೆ ಡಿಗ್ರಿಯಲ್ಲಿ ಸುಮಾರು ಐದು ಗ್ರಾಂ ಸೋಡಿಯಂ ಸಲ್ಫೇಟನ್ನಷ್ಟೇ ಕರಗಿಸಿಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಸುಮಾರು ಇಪ್ಪತ್ತು ಗ್ರಾಂ, 32.4 ಡಿಗ್ರಿಗೆ ಬಂದಾಗ ಸುಮಾರು ಐವತ್ತು ಗ್ರಾಂ. ಅಲ್ಲಿಂದಾಚೆ ಎಷ್ಟು ಕಾಯಿಸಿದರೂ ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ಅಡುಗೆ ಉಪ್ಪು ಹೀಗಲ್ಲ. ಅದು ತಣ್ಣೀರಿನಲ್ಲೂ ಬಿಸಿನೀರಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕರಗುತ್ತದೆ. ಎರಡೂ ಬೆರೆತ ನೀರನ್ನು ತಣಿಸಿದರೆ ಅಡುಗೆ ಉಪ್ಪು ನೀರಿನಲ್ಲೇ ಉಳಿದು, ಸೋಡಿಯಂ ಸಲ್ಫೇಟ್ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ.

ಪ್ರಕೃತಿ ಈ ಕೆಲಸವನ್ನು ಮೊದಲಿನಿಂದ ಮಾಡುತ್ತಾ ಬಂದಿದೆ. ತುರ್ಕಮೆನಿಸ್ತಾನದಲ್ಲಿ ಕ್ಯಾಸ್ಪಿಯನ್ ಸಮುದ್ರಕ್ಕೆ ಅಂಟಿಕೊಂಡು ಕಾರಾ-ಬೊಗಾಜ್-ಗೋಲ್ ಎಂಬ ಕೊಲ್ಲಿ ಇದೆ. ಚಳಿಗಾಲದಲ್ಲಿ ಅಲ್ಲಿನ ನೀರು ತಣಿದಾಗ ಈ ಹರಳು ತಾನಾಗಿ ಮೂಡುತ್ತದೆ, ಅಲೆಗಳು ಅದನ್ನು ದಡಕ್ಕೆ ತಂದು ಹಾಕುತ್ತವೆ. 1980ರಲ್ಲಿ ಕ್ಯಾಸ್ಪಿಯನ್ನಿನ ನೀರು ಉಳಿಸಲೆಂದು ಕೊಲ್ಲಿಯ ಬಾಯಿಗೆ ಒಡ್ಡು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಕೊಲ್ಲಿ ಒಣಗಿಹೋಯಿತು. 1992ರಲ್ಲಿ ಒಡ್ಡು ಒಡೆದು ಮತ್ತೆ ನೀರು ಬಿಡಬೇಕಾಯಿತು. ನಮ್ಮ ದೇಶದಲ್ಲಿ ರಾಜಸ್ಥಾನದ ಡೀಡ್ವಾನಾ ಸರೋವರದ ಉಪ್ಪುನೀರಿನಲ್ಲಿ ಈ ಲವಣ ಹೇರಳವಾಗಿದೆ. ಜಗತ್ತಿನಲ್ಲಿ ಅತಿ ಹೆಚ್ಚು ತೆಗೆಯುವುದು ಚೀನಾ.

ಗ್ಲಾಬರ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಯೋಹಾನ್ ರುಡಾಲ್ಫ್ ಗ್ಲಾಬರ್ ಎಂಬ ಜರ್ಮನ್ ರಸಾಯನಜ್ಞ 1625ರಲ್ಲಿ ಆಸ್ಟ್ರಿಯಾದ ಒಂದು ಬುಗ್ಗೆಯ ನೀರಿನಲ್ಲಿ ಇದನ್ನು ಗುರುತಿಸಿ ‘ಅದ್ಭುತ ಲವಣ’ ಎಂದು ಹೆಸರಿಟ್ಟ. ಆಗ ಅದು ಭೇದಿ ಔಷಧ. ಇಂದಿನ ಕೈಗಾರಿಕೆಯ ಚೀಲದಲ್ಲಿರುವುದು ಔಷಧ ದರ್ಜೆಯದಲ್ಲ, ಆ ಪ್ರಯೋಗಕ್ಕೆ ಯಾರೂ ಇಳಿಯಬೇಡಿ.

ಈ ಉಪ್ಪಿಗೆ ಪ್ರಕೃತಿ ಒಂದು ಮೂಲವಾದರೆ, ಎರಡನೆಯ ಮೂಲ ಕಾರ್ಖಾನೆ. ಇಲ್ಲಿ ಸೋಡಿಯಂ ಸಲ್ಫೇಟ್ ಬೇರೇನನ್ನೋ ಮಾಡುವಾಗ ಜೊತೆಗೆ ಹುಟ್ಟುವ ಪದಾರ್ಥ. ಅಡುಗೆ ಉಪ್ಪಿಗೆ ಗಂಧಕಾಮ್ಲ ಹಾಕಿ ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ, ಹಿಂದೆ ಉಳಿಯುವುದು ಇದು. ನಮಗೆ ಹತ್ತಿರದ ಉದಾಹರಣೆ ತುಂಗಭದ್ರೆಯ ದಡದಲ್ಲೇ ಇದೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಗ್ರಾಸಿಂ ಕಂಪನಿ ವಿಸ್ಕೋಸ್ ನಾರು ತಯಾರಿಸುತ್ತದೆ. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ಜೇನಿನಂತೆ ಮಂದವಾಗಿ ಕರಗಿಸಿ, ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಿಂಡಿದಾಗ ನಾರು ಗಟ್ಟಿಯಾಗುತ್ತದೆ. ವಿಸ್ಕೋಸ್ ಮಾಡುವ ಬಗೆ ಎಲ್ಲ ಕಡೆಯೂ ಇದೇ. ಕಾಸ್ಟಿಕ್ ಮತ್ತು ಆಮ್ಲ ಕೂಡಿದಲ್ಲಿ ಸೋಡಿಯಂ ಸಲ್ಫೇಟ್ ಹುಟ್ಟಲೇಬೇಕು. ತೊಟ್ಟಿಯ ನೀರನ್ನು ಇಂಗಿಸಿ, ತಣಿಸಿ ಹರಳು ತೆಗೆಯುತ್ತಾರೆ. ಹರಳನ್ನು 32 ಡಿಗ್ರಿಯ ಗಡಿ ದಾಟಿಸಿ, ನೀರು ಹಾರಿಸಿದರೆ ನಿರ್ಜಲ ಪುಡಿ ಸಿದ್ಧ.

ಇದನ್ನು ಎಲ್ಲಿ ಬಳಸುತ್ತಾರೆ? ನಿಮ್ಮ ಬಚ್ಚಲುಮನೆಯ ಬಟ್ಟೆ ಪುಡಿಯ ಪೊಟ್ಟಣದಲ್ಲೇ ನೋಡಿ. ಪುಡಿ ಗಂಟುಕಟ್ಟದೆ ಉದುರುದುರಾಗಿ ಇರಲು, ಚಮಚದಲ್ಲಿ ಅಳೆಯುವಷ್ಟು ಗಾತ್ರ ಬರಲು ಇದನ್ನು ಸೇರಿಸುತ್ತಾರೆ. ಹಾಗಾದರೆ ಇದು ಕಲಬೆರಕೆಯಲ್ಲವೇ ಎಂದು ನೀವು ಕೇಳಬಹುದು. ಮಿತಿಯಲ್ಲಿದ್ದರೆ ಅಲ್ಲ. ಆದರೆ ಒಂದು ಮಾತನ್ನು, ಅದರಲ್ಲೂ ಆಸಿಡ್ ಸ್ಲರಿ ತಂದು ಬಟ್ಟೆ ಪುಡಿ ಮಾಡುವ ಸ್ವಸಹಾಯ ಸಂಘದ ಅಕ್ಕಂದಿರಿಗೆ, ಹೇಳಲೇಬೇಕು. ಸೋಡಿಯಂ ಸಲ್ಫೇಟ್ ತಾನಾಗಿ ಕೊಳೆ ತೆಗೆಯುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರನ್ನು ಮೆದುಗೊಳಿಸುವುದೂ ಇಲ್ಲ. ಆ ಕೆಲಸ ವಾಷಿಂಗ್ ಸೋಡಾದ್ದು. ಸೋಡಾ ಇಳಿಸಿ ಇದನ್ನು ಏರಿಸಿದರೆ ಖರ್ಚು ಉಳಿಯುತ್ತದೆ, ಆದರೆ ಕೊಂಡವರು ಮತ್ತೆ ಬರುವುದಿಲ್ಲ.

ಬಣ್ಣದ ಮನೆಯಲ್ಲಿ ಮಾತ್ರ ಇದು ನಿಜವಾಗಿ ದುಡಿಯುತ್ತದೆ. ಹತ್ತಿ ನೂಲು ನೀರಿಗೆ ಬಿದ್ದಾಗ ಅದರ ಮೈಮೇಲೆ ಋಣ ವಿದ್ಯುದಂಶ ಮೂಡುತ್ತದೆ. ರಿಯಾಕ್ಟಿವ್ ಬಣ್ಣ, ಅಂದರೆ ಹತ್ತಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಅದಕ್ಕೂ ಋಣ ಅಂಶವೇ. ಎರಡೂ ಒಂದನ್ನೊಂದು ದೂಡುತ್ತವೆ. ನಡುವೆ ಈ ಉಪ್ಪು ಬಂದರೆ ಆ ದೂಡುವಿಕೆ ತಗ್ಗಿ, ಬಣ್ಣ ನೂಲಿನ ಹತ್ತಿರ ಸರಿಯುತ್ತದೆ. ಆಮೇಲೆ ಸೋಡಾ ಹಾಕಿ ಬಣ್ಣ ಕೂರಿಸುತ್ತಾರೆ. ಕಡು ಬಣ್ಣಕ್ಕೆ ಲೀಟರಿಗೆ 50ರಿಂದ 80 ಗ್ರಾಂ ಉಪ್ಪು ಬೇಕಾಗುತ್ತದೆ. ಅಡುಗೆ ಉಪ್ಪು ಸಾಲದೇ? ಸಾಲುತ್ತದೆ, ಎಷ್ಟೋ ಕಡೆ ಬಳಸುತ್ತಾರೆ. ಆದರೆ ಅದರ ಕ್ಲೋರೈಡ್ ಸ್ಟೀಲ್ ಪಾತ್ರೆಯನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಸೋಡಿಯಂ ಸಲ್ಫೇಟಿನಿಂದ ಆ ಕಾಟ ಕಡಿಮೆ.

ಗಾಜಿನ ಕಾರ್ಖಾನೆಯಲ್ಲಿ ಕರಗಿದ ಗಾಜಿನೊಳಗಿನ ಸಣ್ಣ ಗುಳ್ಳೆಗಳನ್ನು ಹೊರಡಿಸಲು ಈ ಉಪ್ಪನ್ನು ಚೂರು ಹಾಕುತ್ತಾರೆ. ಕ್ರಾಫ್ಟ್ ವಿಧಾನದ ಕಾಗದ ಗಿರಣಿಗಳಲ್ಲಿ ಕಟ್ಟಿಗೆ ಬೇಯಿಸುವ ರಾಸಾಯನಿಕದ ಕೊರತೆ ತುಂಬಲು ಇದೇ ಬೇಕು. 1948ರಲ್ಲಿ ಮಾರಿಯಾ ಟೆಲ್ಕೆಸ್ ಎಂಬ ವಿಜ್ಞಾನಿ ಅಮೆರಿಕದ ಡೋವರ್ ಊರಿನ ಒಂದು ಮನೆಯನ್ನು ಬಿಸಿಲಿನಿಂದಲೇ ಬೆಚ್ಚಗಿಡಲು ಹೊರಟಾಗ ನೆಚ್ಚಿಕೊಂಡದ್ದು ಗ್ಲಾಬರ್ ಹರಳನ್ನು. ಹಗಲು ಕರಗುವಾಗ ಅದು ಶಾಖ ನುಂಗಬೇಕು, ರಾತ್ರಿ ಹರಳುಗಟ್ಟುವಾಗ ಬಿಟ್ಟುಕೊಡಬೇಕು. ಬನಹಟ್ಟಿಯ ಶೆಡ್ಡಿನಲ್ಲಿ ತೊಂದರೆ ಕೊಟ್ಟ ಗುಣವೇ ಅಲ್ಲಿ ಬಂಡವಾಳ! ಕೆಲವು ಚಳಿಗಾಲದ ನಂತರ ಉಪ್ಪು ತಳದಲ್ಲಿ, ನೀರು ಮೇಲೆ ಎಂದು ಬೇರೆಯಾಗಿ ಆ ಏರ್ಪಾಡು ಕೈಕೊಟ್ಟಿತು.

ಬಳಸಿದ ಮೇಲೆ ಈ ಉಪ್ಪು ಎಲ್ಲಿ ಹೋಗುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ಪ್ರಶ್ನೆ. ಬಣ್ಣ ನೂಲಿಗೆ ಹತ್ತುತ್ತದೆ, ಉಪ್ಪು ಹತ್ತುವುದಿಲ್ಲ. ಹಾಕಿದ್ದೆಲ್ಲ ಚರಂಡಿಗೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳ ಉಪ್ಪುನೀರು ಕಾವೇರಿಯ ಉಪನದಿ ನೊಯ್ಯಲ್‌ಗೆ ಸೇರಿ ರೈತರ ಹೊಲ, ಬಾವಿಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಂಡೇ ಅವು ಮತ್ತೆ ತೆರೆಯಬೇಕಾಯಿತು. ಈಗ ಕೊಳಕು ನೀರನ್ನು ಶುದ್ಧ ಮಾಡಿ, ಉಳಿದ ಗಟ್ಟಿ ಉಪ್ಪುನೀರನ್ನು ತಣಿಸಿ ಗ್ಲಾಬರ್ ಹರಳು ತೆಗೆದು ಮತ್ತೆ ಬಳಸುತ್ತಾರೆ. ದುಬಾರಿ ಕೆಲಸವೇ. ಆದರೂ ನಮ್ಮ ಸಣ್ಣ ಬಣ್ಣದ ಮನೆಗಳು ಕೂಡಿ ಒಂದು ಘಟಕವನ್ನಾದರೂ ಕಟ್ಟಿಕೊಳ್ಳಬೇಕು. ಕುಡಿಯುವ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 400. ಬಣ್ಣದ ತೊಟ್ಟಿಯ ಲೆಕ್ಕ ಗ್ರಾಂನಲ್ಲಿ, ಕುಡಿಯುವ ನೀರಿನ ಲೆಕ್ಕ ಮಿಲಿಗ್ರಾಂನಲ್ಲಿ. ಒಂದು ತೊಟ್ಟಿ ಎಷ್ಟು ಬಾವಿಗಳನ್ನು ಕೆಡಿಸಬಲ್ಲದು ಎಂದು ನೀವೇ ಗುಣಿಸಿ ನೋಡಿ.

ಈ ಉಪ್ಪು ಗೋಡೆಯನ್ನೂ ಕೆಡಿಸುತ್ತದೆ ಎಂದು ಆಗಲೇ ಹೇಳಿದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದು ಗಾರೆ ಉದುರುವುದನ್ನು ಕಂಡಿರುತ್ತೀರಿ. ಆ ಪುಡಿಯಲ್ಲಿ ಸೋಡಿಯಂ ಸಲ್ಫೇಟ್ ಇರುವುದು ಸಾಮಾನ್ಯ. ನೆಲದ ತೇವದೊಡನೆ ಅದು ಇಟ್ಟಿಗೆಯ ರಂಧ್ರಕ್ಕೆ ಏರುತ್ತದೆ. ಹಗಲ ಬಿಸಿಗೆ ನಿರ್ಜಲವಾಗುತ್ತದೆ, ರಾತ್ರಿಯ ತಂಪಿಗೆ ನೀರು ಹೀರಿ ಹರಳಾಗುತ್ತದೆ. ಹರಳಾಗುವಾಗ ಅದರ ಗಾತ್ರ ಮೂರು ಪಟ್ಟು ಮೀರಿ ಹಿಗ್ಗುತ್ತದೆ. ಬಂಡೆಯನ್ನೂ ಸೀಳುವ ಬಲ ಅದಕ್ಕಿದೆ. ಕಾಂಕ್ರೀಟಿನ ಜಲ್ಲಿ ಗಟ್ಟಿಯೋ ಪೊಳ್ಳೋ ಎಂದು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಅದನ್ನು ಇದೇ ಉಪ್ಪಿನ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಮತ್ತೆ ನೆನೆಸುತ್ತಾರೆ. ಮನೆಯಲ್ಲಿ ಆ ಪುಡಿ ಕಂಡರೆ ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಒಳಗೆ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವ ತನಕ ಮೇಲೆ ಬಣ್ಣ ಹೊಡೆಸುವುದು ದಂಡ.

ಇನ್ನು ಬೆಲೆಯ ವಿಚಾರ. ದರ ದಿನದಿಂದ ದಿನಕ್ಕೆ ಬದಲಾಗುತ್ತದೆ, ಆದ್ದರಿಂದ ಲೆಕ್ಕ ಹಾಕುವ ಬಗೆ ಹೇಳುತ್ತೇನೆ. ಒಂದು ಕಿಲೋ ನಿರ್ಜಲ ಪುಡಿಗೆ ಸಮವಾಗಲು 2.27 ಕಿಲೋ ಹರಳು ಬೇಕು. ಹರಳಿನ ದರವನ್ನು 2.27ರಿಂದ ಗುಣಿಸಿ, ಪುಡಿಯ ದರದ ಜೊತೆ ಹೋಲಿಸಿ. ಹರಳು ಕಿಲೋಗೆ ಹತ್ತು ರೂಪಾಯಿ, ಪುಡಿ ಹದಿನೆಂಟು ಎಂದಿಟ್ಟುಕೊಳ್ಳೋಣ. ಹರಳಿನೊಳಗಿನ ಉಪ್ಪಿಗೆ ಸುಮಾರು ಇಪ್ಪತ್ತೆರಡೂ ಮುಕ್ಕಾಲು ರೂಪಾಯಿ ಬೀಳುತ್ತದೆ. ಅಗ್ಗ ಎಂದು ಕಂಡದ್ದೇ ದುಬಾರಿ. ಲಾರಿ ಬಾಡಿಗೆಯಲ್ಲೂ ಅರ್ಧಕ್ಕಿಂತ ಹೆಚ್ಚು ಭಾಗ ನೀರು ಹೊತ್ತದ್ದಕ್ಕೇ ಹೋಗುತ್ತದೆ.

ಸಿಗುವುದು ಕೈಗಾರಿಕಾ ರಾಸಾಯನಿಕಗಳ ಅಂಗಡಿಗಳಲ್ಲಿ, ಬಣ್ಣ ಮತ್ತು ಡಿಟರ್ಜೆಂಟ್ ಕಚ್ಚಾವಸ್ತು ಮಾರುವವರಲ್ಲಿ. ಸಾಮಾನ್ಯವಾಗಿ 50 ಕಿಲೋ ಚೀಲ. ಬಿಲ್ಲಿನಲ್ಲಿ ‘ಅನ್‌ಹೈಡ್ರಸ್’ ಎಂದು ಬರೆಸಿಕೊಳ್ಳಿ, ಆ ಸರಕಿನ ಪರೀಕ್ಷಾ ವರದಿ ಕೇಳಿ. ಸಂದೇಹವಿದ್ದರೆ ನೂರು ಗ್ರಾಂ ತೂಗಿ, ಅಡುಗೆಗೆ ಬಳಸದ ಬಾಣಲೆಯಲ್ಲಿ ಚೆನ್ನಾಗಿ ಹುರಿದು ಮತ್ತೆ ತೂಗಿ. ನಿರ್ಜಲವಾದರೆ ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹರಳಾದರೆ 44 ಗ್ರಾಂ ಹತ್ತಿರಕ್ಕೆ ಇಳಿಯುತ್ತದೆ. ಇನ್ನೊಂದು ಪರೀಕ್ಷೆಗೆ ಅರಿಸಿನ ಸಾಕು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಉಪ್ಪು ಕರಗಿಸಿ, ಚಿಟಿಕೆ ಅರಿಸಿನ ಹಾಕಿ. ಹಳದಿಯಾಗೇ ಉಳಿದರೆ ಸರಿ. ಓಕುಳಿಯಂತೆ ಕೆಂಪಾದರೆ ಅದರಲ್ಲಿ ವಾಷಿಂಗ್ ಸೋಡಾದಂಥ ಕ್ಷಾರ ಬೆರೆತಿದೆ. ಬಣ್ಣ ಹಾಕುವವರಿಗೆ ಇದು ಮುಖ್ಯ. ಕ್ಷಾರವಿದ್ದರೆ ಬಣ್ಣ ಹೊತ್ತಿಗೆ ಮುಂಚೆ ಕೂತು ನೂಲಿನಲ್ಲಿ ಮಚ್ಚೆ ಬೀಳುತ್ತದೆ.

ಪುಡಿಯ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮಳೆಗಾಲದಲ್ಲಿ ಬಾಯಿ ಬಿಗಿಯಾಗಿ ಕಟ್ಟಿ, ತೇವ ಕುಡಿದರೆ ಹೆಪ್ಪುಗಟ್ಟುತ್ತದೆ. ಸುರಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹಂಡೆಗೆ ಹಾಕುವಾಗ ತಣ್ಣೀರಿಗೆ ಒಮ್ಮೆಲೇ ಸುರಿಯಬೇಡಿ. ಪುಡಿ ನೀರು ಹೀರಿ ಹರಳಾಗಿ, ತಳದಲ್ಲಿ ಕಲ್ಲಿನಂತೆ ಕೂರುತ್ತದೆ. ನೀರನ್ನು ಮೊದಲು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಕೋಲಿನಿಂದ ತಿರುವುತ್ತಾ ಸ್ವಲ್ಪ ಸ್ವಲ್ಪವಾಗಿ ಹಾಕಿ.