ಎರಡು ಕೈ, ಎರಡು ಕಾಲು, ಒಂದೇ ಸಂಬಳ

‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’ ಎಂಬ ಎಲ್‌ಪಿಯ ರಟ್ಟಿನ ಹೊದಿಕೆಯ ಮೇಲೆ ಒಂದು ಕೋಳಿಗೂಡು, ಅದರ ಮುಂದೆ ಜಿಮ್ಮಿ ಸ್ಮಿತ್, ಜೊತೆಗೊಂದು ನಾಯಿ. ಕಲಾವಿದರ ಪಟ್ಟಿಯಲ್ಲಿ ನಾಲ್ಕೇ ಹೆಸರು: ಆರ್ಗನ್‌ಗೆ ಸ್ಮಿತ್, ಸ್ಯಾಕ್ಸೊಫೋನ್‌ಗೆ ಸ್ಟ್ಯಾನ್ಲಿ ಟರೆಂಟೈನ್, ಗಿಟಾರಿಗೆ ಕೆನಿ ಬರೆಲ್, ಡ್ರಮ್ಸಿಗೆ ಡೊನಾಲ್ಡ್ ಬೇಲಿ. ಸೂಜಿ ಇಟ್ಟರೆ ಮೊದಲಿಗೆ ಕಿವಿಗೆ ಬೀಳುವುದು ದಪ್ಪನೆಯ, ಅವಸರವಿಲ್ಲದ ಬಾಸ್ ನಡಿಗೆ. ಎಂಟು ನಿಮಿಷವೂ ಅದು ಒಂದು ಹೆಜ್ಜೆ ತಪ್ಪುವುದಿಲ್ಲ. ಆದರೆ ಬಾಸ್ ನುಡಿಸಿದವರ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇರುವುದಕ್ಕೆ ಅಂಥವರೊಬ್ಬರು ಅಲ್ಲಿರಲೇ ಇಲ್ಲ. ಅದು ಸ್ಮಿತ್ ಅವರ ಎಡಗೈ ಮತ್ತು ಕಾಲಿನ ಕೆಲಸ. ಬಲಗೈ ಆಗ ಮೇಲಿನ ಕೀಲಿಮಣೆಯಲ್ಲಿ ಬೇರೆಯದೇ ರಾಗ ಹರಡುತ್ತಿತ್ತು.

ಜಾಝ್ ಆರ್ಗನ್ ರೆಕಾರ್ಡುಗಳ ಸೊಗಸೂ ಸಂಕಟವೂ ಆ ಇಲ್ಲದ ಹೆಸರಿನಲ್ಲೇ ಇವೆ. ಒಬ್ಬರೇ ಇಬ್ಬರ ಕೆಲಸ ಮಾಡಬಲ್ಲ ವಾದ್ಯ ಇದು. ಬಾರಿನ ಮಾಲೀಕರಿಗೆ ಅಚ್ಚುಮೆಚ್ಚಾದದ್ದು ಆ ಕಾರಣಕ್ಕೆ, ನುಡಿಸುವವರನ್ನು ಹಿಂಡಿ ಹಿಪ್ಪೆ ಮಾಡಿದ್ದೂ ಆ ಕಾರಣಕ್ಕೇ.

ಹೆಸರು ಆರ್ಗನ್ ಎಂದಿದ್ದರೂ ಇದರೊಳಗೆ ಗಾಳಿಯಿಲ್ಲ, ಕೊಳವೆಯಿಲ್ಲ. ಇದನ್ನು ಮಾಡಿದ ಷಿಕಾಗೋದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಗಡಿಯಾರಗಳ ಎಂಜಿನಿಯರ್. ಆರ್ಗನ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಗಡಿಯಾರವನ್ನು ಒಂದೇ ವೇಗದಲ್ಲಿ ಓಡಿಸುವ ಸಿಂಕ್ರೊನಸ್ ಮೋಟಾರನ್ನು ತಂದು ವಾದ್ಯದೊಳಗೆ ಕೂರಿಸಿ, 1935ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಎರಡು ದಶಕದ ನಂತರ ಬಂದು ಜಾಝ್‌ನವರ ಕಣ್ಮಣಿಯಾದ ಬಿ-3 ಮಾದರಿಯಲ್ಲಿ 91 ಹಲ್ಲುಚಕ್ರಗಳು ಸುತ್ತುತ್ತವೆ. ಪ್ರತಿ ಚಕ್ರದ ಅಂಚಿಗೂ ತಂತಿ ಸುತ್ತಿದ ಒಂದೊಂದು ಅಯಸ್ಕಾಂತ. ಚಕ್ರದ ಹಲ್ಲುಗಳು ಅದರ ಮುಂದೆ ಹಾದುಹೋಗುವಾಗ ಹುಟ್ಟುವ ಸಣ್ಣ ವಿದ್ಯುತ್ ಕಂಪನವೇ ಸ್ವರ. ಗುಂಡಿ ಒತ್ತಿದೊಡನೆ ಹಾಡುವ ಜಾಯಮಾನವೂ ಇದರದ್ದಲ್ಲ. ‘ಸ್ಟಾರ್ಟ್’ ಸ್ವಿಚ್ಚನ್ನು ಎಂಟು ಸೆಕೆಂಡಿನಷ್ಟು ಹಿಡಿದುಕೊಂಡಿರಬೇಕು. ಚಕ್ರಗಳು ಗುಂಯ್‌ಗುಟ್ಟುತ್ತ ವೇಗ ಹಿಡಿದ ಮೇಲೆ ‘ರನ್’ ಸ್ವಿಚ್ಚು ಹಾಕಿ, ಎರಡನ್ನೂ ಇನ್ನೊಂದಿಷ್ಟು ಹೊತ್ತು ಹಿಡಿದು, ಆಮೇಲೆ ಕೈ ಬಿಡಬೇಕು. ಕಾಲಕಾಲಕ್ಕೆ ಎಣ್ಣೆಯನ್ನೂ ಬಿಡಬೇಕು.

61 ಕೀಲಿಗಳ ಎರಡು ಕೀಲಿಮಣೆ, ಕಾಲಡಿಗೆ 25 ಪೆಡಲು. ಕೀಲಿಮಣೆಯ ಮೇಲೆ ಒಂಬತ್ತೊಂಬತ್ತರ ಗುಂಪಿನಲ್ಲಿ ಎಳೆದು ತಳ್ಳುವ ಕಡ್ಡಿಗಳಿವೆ, ಇವು ಡ್ರಾಬಾರ್‌ಗಳು. ಒಂದೊಂದು ಕಡ್ಡಿಯೂ ಒಂದೊಂದು ಉಪಸ್ವರ. ಎಷ್ಟು ಎಳೆದರೆ ಅಷ್ಟು ಗಟ್ಟಿ. 0ಯಿಂದ 8ರವರೆಗೆ ಅಂಕ. ಮೊದಲ ಮೂರನ್ನು ಪೂರ್ತಿ ಎಳೆದು, ಉಳಿದ ಆರನ್ನು ಮುಚ್ಚಿ, ಮೇಲೊಂದು ಪರ್ಕಶನ್ ಸ್ವಿಚ್ಚು ಹಾಕಿದರೆ ಬರುವುದೇ ಜಿಮ್ಮಿ ಸ್ಮಿತ್ ನಾದ. ಆರ್ಗನ್ ಕಲಿಯಲು ಕೂತವರೆಲ್ಲ ಮೊದಲ ದಿನವೇ ಮಾಡಿನೋಡುವ ಪ್ರಯೋಗ ಇದು. ನಾದ ಬರುತ್ತದೆ, ಸ್ಮಿತ್ ಬರುವುದಿಲ್ಲ, ಆ ಮಾತು ಬೇರೆ.

ಕೀಲಿ ಒತ್ತಿದಾಗ ಒಳಗಿನ ಲೋಹದ ಸಂಪರ್ಕಗಳು ತಾಗಿ ‘ಟಿಕ್’ ಎಂಬ ಸದ್ದು ಬರುತ್ತಿತ್ತು. ಹ್ಯಾಮಂಡ್ ಕಂಪನಿಯವರಿಗೆ ಅದು ದೋಷ, ಹೇಗಾದರೂ ಅಡಗಿಸಬೇಕಾದ ಕಿರಿಕಿರಿ. ಜಾಝ್‌ನವರಿಗೆ ಅದೇ ಬೇಕಿತ್ತು, ಲಯಕ್ಕೊಂದು ಮೊನೆ ಕೊಡುತ್ತಿದ್ದದ್ದೇ ಆ ಟಿಕ್. ಡಾನ್ ಲೆಸ್ಲಿ ಎಂಬ ಇನ್ನೊಬ್ಬರ ಕಥೆಯೂ ಹೀಗೇ. ಹ್ಯಾಮಂಡ್ ಕೊಂಡು ಮನೆಗೆ ತಂದರೆ ನಾದ ಚಪ್ಪಟೆ ಅನ್ನಿಸಿತಂತೆ. ಮೇಲೆ ತಿರುಗುವ ಕೊಂಬು, ಕೆಳಗೆ ತಿರುಗುವ ಡ್ರಮ್ಮು ಇಟ್ಟು ಮರದ ಸ್ಪೀಕರ್ ಪೆಟ್ಟಿಗೆಯೊಂದನ್ನು ಮಾಡಿ ಕಂಪನಿಗೆ ತೋರಿಸಿದರು. ಕಂಪನಿ ಬೇಡ ಎಂದಿತು. ಲೆಸ್ಲಿ ತಾವೇ ಮಾರಿದರು. ಇವತ್ತು ಹ್ಯಾಮಂಡ್ ನಾದವೆಂದು ಜಗತ್ತು ಗುರುತಿಸುವ ಆ ಅಲೆಅಲೆಯಾದ ನಡುಕ ಹ್ಯಾಮಂಡ್ ಅವರು ಒಲ್ಲೆನೆಂದ ಪೆಟ್ಟಿಗೆಯದು.

ಶುರುವಿನ ಬೆಲೆ 1,250 ಡಾಲರ್. ಕೊಳವೆಯ ಆರ್ಗನ್ ಕಟ್ಟಿಸುವ ಶಕ್ತಿಯಿಲ್ಲದ ಚರ್ಚುಗಳಿಗೆ ಇದು ಎಟುಕುವ ಮೊತ್ತವಾಗಿತ್ತು. ಕರಿಯರ ಚರ್ಚುಗಳಲ್ಲಿ ಹ್ಯಾಮಂಡ್ ಬೇರೂರಿದ್ದು ಹೀಗೆ. ಭಾನುವಾರ ಬೆಳಗ್ಗೆ ಪ್ರಾರ್ಥನೆಯಲ್ಲಿ ಕೇಳಿದ ನಾದವನ್ನೇ ಶನಿವಾರ ರಾತ್ರಿ ಬಾರಿನಲ್ಲೂ ಕೇಳುವುದು ಆ ಬಡಾವಣೆಗಳಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಫ್ಯಾಟ್ಸ್ ವಾಲರ್ 1920ರ ದಶಕದಲ್ಲೇ ಕೊಳವೆಯ ಆರ್ಗನ್ನಿನಲ್ಲಿ ಜಾಝ್ ಧ್ವನಿಮುದ್ರಿಸಿದ್ದರು. ವೈಲ್ಡ್ ಬಿಲ್ ಡೇವಿಸ್ ಹ್ಯಾಮಂಡ್ ಮೇಲೆ ಇಡೀ ಬ್ಯಾಂಡಿನ ಅಬ್ಬರ ತೆಗೆಯುತ್ತಿದ್ದರು.

ಡೇವಿಸ್ ಅವರನ್ನು ಕೇಳಿ ಮರುಳಾದ ಪಿಯಾನೊ ವಾದಕ ಜಿಮ್ಮಿ ಸ್ಮಿತ್. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನವರು. ಆರ್ಗನ್ ಕೊಂಡು ಫಿಲಡೆಲ್ಫಿಯಾದ ಗೋದಾಮೊಂದರಲ್ಲಿ ಇಟ್ಟು ಸಾಧನೆಗೆ ಕೂತರು. ಪೆಡಲುಗಳ ನಕ್ಷೆ ಬರೆದು ಎದುರಿನ ಗೋಡೆಗೆ ಹಚ್ಚಿಕೊಂಡಿದ್ದರಂತೆ, ಕಾಲಿನತ್ತ ಬಗ್ಗಿ ನೋಡದೆ ಕಲಿಯಲಿಕ್ಕೆ. 1956ರ ಆರಂಭದಲ್ಲಿ ಹಾರ್ಲೆಮ್‌ನ ಸ್ಮಾಲ್ಸ್ ಪ್ಯಾರಡೈಸ್ ಕ್ಲಬ್ಬಿನಲ್ಲಿ ಅವರು ನುಡಿಸುತ್ತಿದ್ದಾಗ ಬ್ಲೂ ನೋಟ್ ಕಂಪನಿಯ ಆಲ್ಫ್ರೆಡ್ ಲಯನ್ ಕೇಳಿದರು. ಆ ವರ್ಷವೇ ಮೊದಲ ರೆಕಾರ್ಡು ಬಂತು. ಆಮೇಲಿನದು ಸುಗ್ಗಿ. 1957ರ ಫೆಬ್ರುವರಿಯಲ್ಲಿ ಮೂರೇ ದಿನ ಕೂತು ನುಡಿಸಿದ್ದು ಹಲವು ಎಲ್‌ಪಿಗಳಾಯಿತು. ಕೋಳಿಗೂಡಿನ ಎಲ್‌ಪಿಯೂ ‘ಮಿಡ್‌ನೈಟ್ ಸ್ಪೆಷಲ್’ ಎಂಬ ಇನ್ನೊಂದೂ 1960ರ ಏಪ್ರಿಲ್ 25ರ ಒಂದೇ ದಿನದ ಫಸಲು. ಕೋಳಿಗೂಡು ಅಂಗಡಿಗೆ ಬಂದದ್ದು ಮಾತ್ರ 1963ರಲ್ಲಿ. ಕಂಪನಿಯ ಕಪಾಟಿನಲ್ಲಿ ದಾಸ್ತಾನು, ಕಲಾವಿದರ ಕೈಗೆ ದಿನದ ಕೂಲಿ: ವ್ಯವಹಾರ ಇದ್ದದ್ದೇ ಹಾಗೆ.

ಇವನ್ನು ಮುದ್ರಿಸಿದ ರೂಡಿ ವ್ಯಾನ್ ಗೆಲ್ಡರ್ ಅವರದ್ದೂ ಹೊಟ್ಟೆಪಾಡಿನ ಕಥೆಯೇ. ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿ. ಉಳಿದ ಹೊತ್ತು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ-ಅಮ್ಮನ ಮನೆಯ ನಡುಮನೆಯಲ್ಲೇ ಧ್ವನಿಮುದ್ರಣ. 1959ರಲ್ಲಿ ಇಂಗ್ಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ ಮೇಲೆಯೇ ಕನ್ನಡಕದ ಕೆಲಸ ಬಿಟ್ಟದ್ದು.

ಈಗ ಬಾರಿನ ಲೆಕ್ಕಕ್ಕೆ ಬರೋಣ. ಐದು ಜನರ ಬ್ಯಾಂಡಿನ ಬದಲು ಮೂರು ಜನರ ಆರ್ಗನ್ ಟ್ರಯೊ ಕರೆಸಿದರೆ ಐವರಷ್ಟೇ ಸದ್ದು, ಇಬ್ಬರ ಸಂಬಳ ಉಳಿತಾಯ. 1950-60ರ ದಶಕಗಳಲ್ಲಿ ಹಾರ್ಲೆಮ್, ನೆವಾರ್ಕ್, ಫಿಲಡೆಲ್ಫಿಯಾ, ಅಟ್ಲಾಂಟಿಕ್ ಸಿಟಿಗಳಲ್ಲಿ ಆರ್ಗನ್ ಬಾರುಗಳು ಹುಟ್ಟಿಕೊಂಡದ್ದರ ಹಿಂದೆ ಸಂಗೀತಪ್ರೇಮದಷ್ಟೇ ಈ ಲೆಕ್ಕವೂ ಇತ್ತು. ಆದರೆ ಉಳಿದ ದುಡ್ಡು ಆರ್ಗನ್ ವಾದಕರ ಜೇಬಿಗೆ ಹೋಗುತ್ತಿತ್ತೇ? ಪಿಯಾನೊ ವಾದಕ ಬರಿಗೈಲಿ ಬಂದು ಕ್ಲಬ್ಬಿನ ಪಿಯಾನೊ ಮುಂದೆ ಕೂರುತ್ತಿದ್ದ. ಆರ್ಗನ್ ವಾದಕರು ತಮ್ಮ ವಾದ್ಯವನ್ನು ಹೊತ್ತೇ ತರಬೇಕಿತ್ತು. ಪೆಡಲು, ಬೆಂಚು ಸೇರಿ ಬಿ-3ರ ತೂಕ 190 ಕಿಲೊ ಆಸುಪಾಸು. 50 ಕಿಲೊದ ನಾಲ್ಕು ಅಕ್ಕಿ ಮೂಟೆ ಅಂದುಕೊಳ್ಳಿ. ಅದರ ಮೇಲೆ ಲೆಸ್ಲಿ ಪೆಟ್ಟಿಗೆ ಬೇರೆ. ಮೊದಲ ಮಹಡಿಯ ಕ್ಲಬ್ಬು, ಕಿರಿದಾದ ಮೆಟ್ಟಿಲು, ನಡುರಾತ್ರಿ ಎರಡು ಗಂಟೆಗೆ ಇಳಿಸಿ ಮರುದಿನ ಇನ್ನೊಂದೂರು. ಉದ್ದನೆಯ ವಾದ್ಯ ಮಲಗಲು ಜಾಗ ಬೇಕೆಂದು ಹಳೆಯ ಹೆಣದ ಗಾಡಿಗಳನ್ನೇ ಕೊಂಡು ಊರೂರು ತಿರುಗಿದವರುಂಟು, ಸ್ಮಿತ್ ಕೂಡ ಅವರಲ್ಲೊಬ್ಬರು. ಹೊರುವ ಕೂಲಿ, ಪೆಟ್ರೋಲು, ರಿಪೇರಿ ಎಲ್ಲ ನಾಯಕನ ತಲೆಗೆ.

ನ್ಯೂಯಾರ್ಕಿನಲ್ಲಿ ಇನ್ನೊಂದು ಕೊಕ್ಕೆ ಇತ್ತು. ಮದ್ಯ ಮಾರುವ ಕ್ಲಬ್ಬಿನಲ್ಲಿ ನುಡಿಸಬೇಕಾದರೆ ಬೆರಳಚ್ಚು ಕೊಟ್ಟು ಪೊಲೀಸರಿಂದ ‘ಕ್ಯಾಬರೆ ಕಾರ್ಡ್’ ಪಡೆಯಬೇಕು. 1940ರಿಂದ 1967ರವರೆಗೂ ಈ ಪದ್ಧತಿ ನಡೆಯಿತು. ಕಾರ್ಡ್ ಕಿತ್ತುಕೊಂಡರೆ ಊರಿನಲ್ಲಿ ಅನ್ನ ನಿಂತಂತೆ. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಾಂಕ್ ಅಂಥವರೇ ಇದರ ಬಲಿಪಶುಗಳು. ಹೆಸರಿಲ್ಲದವರ ಪಾಡು ಕೇಳುವವರಾರು? ಸಂಘಟನೆಯಲ್ಲೂ ವರ್ಣಭೇದ. ಫಿಲಡೆಲ್ಫಿಯಾದಲ್ಲಿ ಕರಿಯ ಸಂಗೀತಗಾರರಿಗೆ ‘ಲೋಕಲ್ 274’ ಎಂಬ ಪ್ರತ್ಯೇಕ ಯೂನಿಯನ್ ಇತ್ತು. ಕೊನೆಗೆ ಬಿಳಿಯರ ಘಟಕದಲ್ಲಿ ವಿಲೀನವಾಗಿ ಎಂದಾಗ, ನಮ್ಮ ಆಸ್ತಿ, ನಮ್ಮ ಮಾತು ಎರಡೂ ಹೋಗುತ್ತವೆ ಎಂದು ಅವರು ಒಪ್ಪಲಿಲ್ಲ. 1971ರಲ್ಲಿ ಘಟಕವೇ ಮುಗಿಯಿತು. ಅದರ ಸದಸ್ಯರು 1966ರಲ್ಲಿ ಕಟ್ಟಿಕೊಂಡಿದ್ದ ಕ್ಲೆಫ್ ಕ್ಲಬ್ ಮಾತ್ರ ಇಂದಿಗೂ ಮಕ್ಕಳಿಗೆ ಜಾಝ್ ಕಲಿಸುತ್ತಿದೆ.

ಹಾಗಾದರೆ ರೆಕಾರ್ಡಿನಿಂದ ಏನು ಬರುತ್ತಿತ್ತು? ಯೂನಿಯನ್ ದರದ ದಿನಗೂಲಿ, ನಾಯಕನಿಗೆ ಅದರ ಎರಡರಷ್ಟು. ರಾಯಲ್ಟಿ ಶುರುವಾಗುವುದು ಸ್ಟುಡಿಯೊ ಖರ್ಚೆಲ್ಲ ಕಂಪನಿಗೆ ವಾಪಸಾದ ಮೇಲೆ. ಉದ್ದನೆಯ ಗತ್ತುಗಳನ್ನು ‘ಭಾಗ 1’, ‘ಭಾಗ 2’ ಎಂದು ತುಂಡರಿಸಿ 45 ಆರ್‌ಪಿಎಂ ತಟ್ಟೆಗಳಾಗಿ ಬಾರುಗಳ ಜೂಕ್‌ಬಾಕ್ಸಿಗೆ ಹಾಕುತ್ತಿದ್ದರು. ಅದು ಕಲಾವಿದರಿಗೆ ದುಡ್ಡಿಗಿಂತ ಹೆಚ್ಚಾಗಿ ಜಾಹೀರಾತು. ತಟ್ಟೆ ಕೇಳಿದ ಬಾರಿನವರು ಮುಂದಿನ ತಿಂಗಳು ಕರೆಸಿಯಾರು ಎಂಬ ಆಸೆ. ಅಮೆರಿಕದ ರೇಡಿಯೊ ಕಾನೂನು ಇನ್ನೂ ವಿಚಿತ್ರ. ಹಾಡು ಪ್ರಸಾರವಾದರೆ ಸಂಯೋಜಕರಿಗೆ ಹಣ ಸಲ್ಲುತ್ತದೆ, ನುಡಿಸಿದವರಿಗೆ ಚಿಕ್ಕಾಸಿಲ್ಲ. ಆರ್ಗನ್ ಎಲ್‌ಪಿಗಳಲ್ಲಿ ಸ್ವಂತ ಬ್ಲೂಸ್ ರಚನೆ ಒಂದೆರಡಾದರೂ ಇರುವುದಕ್ಕೆ ಇದೂ ಕಾರಣ ಎಂದು ನನ್ನ ಅನುಮಾನ.

ಬಾಸಿನ ಹೊರೆಯನ್ನೂ ತಾವೇ ಹೊರುವುದು ಎಲ್ಲರ ದಾರಿಯಾಗಿರಲಿಲ್ಲ. ಶರ್ಲಿ ಸ್ಕಾಟ್ ಫಿಲಡೆಲ್ಫಿಯಾದವರು, ‘ಆರ್ಗನ್ನಿನ ರಾಣಿ’ ಎಂದು ಹೆಸರಾದವರು. ಅವರ ಎಷ್ಟೋ ರೆಕಾರ್ಡುಗಳಲ್ಲಿ ಜಾರ್ಜ್ ಡುವಿವಿಯರ್ ಅವರಂಥ ಬಾಸ್ ವಾದಕರು ಪಕ್ಕದಲ್ಲಿದ್ದಾರೆ. ನಾದ ಹಗುರಾಗಿದೆ, ಉಸಿರಾಡಲು ಜಾಗವಿದೆ. ನನ್ನ ಮಟ್ಟಿಗೆ ಸ್ಮಿತ್ ಅವರ ಅಬ್ಬರಕ್ಕಿಂತ ಹೆಚ್ಚು ದಿನ ಬಾಳುವ ಸಂಗೀತ ಇದು. ಮುಂದೆ ಸ್ಕಾಟ್ ಚೇನಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ತೂಕ ಇಳಿಸುವ ‘ಫೆನ್-ಫೆನ್’ ಔಷಧ ಅವರ ಹೃದಯ ಕೆಡಿಸಿತು. 2000ದಲ್ಲಿ ನ್ಯಾಯಾಲಯ 80 ಲಕ್ಷ ಡಾಲರ್ ಪರಿಹಾರ ಘೋಷಿಸಿತು; 2002ರಲ್ಲಿ ತೀರಿಕೊಂಡರು. ಬೇಬಿ ಫೇಸ್ ವಿಲೆಟ್ 1961ರಲ್ಲಿ ಬ್ಲೂ ನೋಟ್‌ಗೆ ಎರಡು ಎಲ್‌ಪಿ, 1964ರಲ್ಲಿ ಇನ್ನೊಂದು ಕಂಪನಿಗೆ ಎರಡು ಎಲ್‌ಪಿ ಕೊಟ್ಟು ಮರೆಯಾದರು. 1971ರಲ್ಲಿ ತೀರಿಕೊಂಡಾಗ ಇನ್ನೂ ನಲವತ್ತಾಗಿರಲಿಲ್ಲ. ಆರ್ಗನ್ನನ್ನು ಬಾರಿನಿಂದ ಎತ್ತಿ ಸ್ಯಾಕ್ಸೊಫೋನ್ ವಾದಕ ಕೋಲ್ಟ್ರೇನ್ ಅವರ ದಾರಿಗೆ ತಂದ ಲ್ಯಾರಿ ಯಂಗ್ 1978ರಲ್ಲಿ ಹೋದಾಗ ವಯಸ್ಸು 37.

ಒಳ್ಳೆಯ ಕಥೆಗಳೂ ಇಲ್ಲದಿಲ್ಲ. ಬಫಲೊ ನಗರದ ಲಾನಿ ಸ್ಮಿತ್ ಎಂಬ ಯುವಕ ದಿನಾ ಒಂದು ವಾದ್ಯದಂಗಡಿಗೆ ಬಂದು ಬಾಗಿಲು ಹಾಕುವವರೆಗೂ ಸುಮ್ಮನೆ ಕೂರುತ್ತಿದ್ದ. ಯಾಕಪ್ಪಾ ಎಂದು ಅಂಗಡಿಯ ಆರ್ಟ್ ಕ್ಯುಬೆರಾ ವಿಚಾರಿಸಿದರೆ, ಒಂದು ವಾದ್ಯ ಸಿಕ್ಕರೆ ದುಡಿದು ತಿನ್ನುತ್ತೇನೆ ಎಂಬ ಉತ್ತರ. ಒಂದು ದಿನ ಹಿತ್ತಲ ಕೋಣೆಗೆ ಕರೆದೊಯ್ದು ಅಲ್ಲಿದ್ದ ಹ್ಯಾಮಂಡ್ ತೋರಿಸಿ, ಇಲ್ಲಿಂದ ಎತ್ತಿಕೊಂಡು ಹೋಗುವುದಾದರೆ ಇದು ನಿನ್ನದೇ ಎಂದರಂತೆ. ತೂಕ ಬಲ್ಲವರಿಗೆ ಇದು ಸಣ್ಣ ಷರತ್ತಲ್ಲ ಎಂದು ಗೊತ್ತು! ಆ ಯುವಕ 1967ರಲ್ಲಿ ಲೂ ಡೊನಾಲ್ಡ್‌ಸನ್ ಅವರ ‘ಆಲಿಗೇಟರ್ ಬೂಗಲೂ’ಗೆ ನುಡಿಸಿದರು. ಮುಂದೆ ತಲೆಗೆ ರುಮಾಲು ಸುತ್ತಿ ‘ಡಾಕ್ಟರ್’ ಲಾನಿ ಸ್ಮಿತ್ ಆದರು. 2017ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆಯ ‘ಜಾಝ್ ಮಾಸ್ಟರ್’ ಗೌರವ ಪಡೆದು, 2021ರಲ್ಲಿ ತೀರಿಕೊಂಡರು.

1970ರ ದಶಕಕ್ಕೆ ಸಿಂಥಸೈಜರ್ ಬಂತು, ಡಿಸ್ಕೊ ಬಂತು, ಆರ್ಗನ್ ಬಾರುಗಳಿದ್ದ ಬಡಾವಣೆಗಳೇ ಗಲಭೆ, ಬಡತನ, ಬುಲ್‌ಡೋಜರುಗಳಿಗೆ ಸಿಕ್ಕವು. ಅದೇ ದಶಕದ ನಡುವಿಗೆ ಬಿ-3 ತಯಾರಿಕೆಯೂ ನಿಂತಿತು. ಈಗಿನ ವಾದಕರು ಕಂಕುಳಲ್ಲಿ ಹಿಡಿದು ನಡೆಯಬಹುದಾದ ಡಿಜಿಟಲ್ ಕೀಲಿಮಣೆಯಲ್ಲೇ ಆ ಟಿಕ್, ಆ ನಡುಕ ಎಲ್ಲವನ್ನೂ ತೆಗೆಯುತ್ತಾರೆ. ದೋಷವನ್ನು ಗಣಿತದಿಂದ ಮರುಸೃಷ್ಟಿ ಮಾಡುವ ಕಸುಬು! ಹಳೆಯ ರೆಕಾರ್ಡುಗಳು ಹಿಪ್‌ಹಾಪ್‌ನವರ ಕೈಗೂ ಬಿದ್ದವು. ಸ್ಮಿತ್ ಅವರ ‘ರೂಟ್ ಡೌನ್’ ಅನ್ನು ಬೀಸ್ಟಿ ಬಾಯ್ಸ್ ಎತ್ತಿಕೊಂಡರು, ರಾನಿ ಫಾಸ್ಟರ್ ಅವರ ‘ಮಿಸ್ಟಿಕ್ ಬ್ರೂ’ವನ್ನು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್.

ವ್ಯಾನ್ ಗೆಲ್ಡರ್ ಸ್ಟುಡಿಯೊದ ಪಕ್ಕದೂರು ಇಂಗ್ಲ್‌ವುಡ್. 1993ರ ಜನವರಿಯಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಅಲ್ಲಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆಸ್ಪತ್ರೆ ಖರ್ಚು ಕಟ್ಟಲಾಗದ ಸಂಗೀತಗಾರರನ್ನೂ ನೋಡಿಕೊಳ್ಳಿ ಎಂದು ವೈದ್ಯರನ್ನು ಕೇಳಿಕೊಂಡಿದ್ದರು. ಆ ಮಾತಿನಿಂದ ಹುಟ್ಟಿದ ನಿಧಿ ಮತ್ತು ಜಾಝ್ ಫೌಂಡೇಶನ್ ಆಫ್ ಅಮೆರಿಕ ಸೇರಿ ವಿಮೆಯಿಲ್ಲದ ಎಷ್ಟೋ ಕಲಾವಿದರಿಗೆ ಅಲ್ಲಿ ಉಚಿತ ಚಿಕಿತ್ಸೆ ಕೊಡಿಸಿವೆ. ಎಷ್ಟೋ ಎಲ್‌ಪಿಗಳ ಮೇಲೆ ಹೆಸರಿರುವವರಿಗೂ ಕೊನೆಗಾಲಕ್ಕೆ ಇಂಥದ್ದೊಂದು ನಿಧಿಯೇ ಗತಿಯಾಯಿತು.

ಕೇಳಬೇಕೆನ್ನಿಸಿದವರಿಗೆ ಒಂದು ದಾರಿ: ಮೊದಲು ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’, ಆಮೇಲೆ ಎಡ್ಡಿ ‘ಲಾಕ್‌ಜಾ’ ಡೇವಿಸ್ ಜೊತೆ ಶರ್ಲಿ ಸ್ಕಾಟ್ ನುಡಿಸಿದ 1958ರ ‘ಕುಕ್‌ಬುಕ್’, ನಂತರ ವಿಲೆಟ್ ಅವರ ‘ಫೇಸ್ ಟು ಫೇಸ್’, ಕೊನೆಗೆ ಲ್ಯಾರಿ ಯಂಗ್ ಅವರ ‘ಯೂನಿಟಿ’. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಎಡಗೈಯೂ ಕಾಲೂ ದುಡಿದದ್ದು ಅದರಲ್ಲಿ ಕೇಳಿಸುವುದೇ ಇಲ್ಲ.