ಜೋಳಿಗೆಗೆ ಹಾಕಿದ ಮರುದಿನ

ಚಟ, ಸಿಟ್ಟು, ಸಾವಿನ ದುಃಖ: ಈ ಮೂರರಲ್ಲಿ ಯಾವುದು ಮೈಮೇಲೆ ಬಂದರೂ ನಮ್ಮ ಜನ ಮೊದಲು ನೋಡುವುದು ಮಠ, ಗುಡಿ, ದರ್ಗಾದ ಕಡೆಗೆ. ಆ ನಂಬಿಕೆಗೆ ವೈದ್ಯರ, ಆಪ್ತಸಮಾಲೋಚಕರ ಜೊತೆ ಸಿಕ್ಕರೆ ಎಷ್ಟೋ ಮನೆಗಳು ಉಳಿಯುತ್ತವೆ.

ಸ್ವಾಮಿಗಳು ಜೋಳಿಗೆ ಹಿಡಿದು ಓಣಿಗೆ ಬಂದರೆ ಜೋಳವನ್ನೋ ದುಡ್ಡನ್ನೋ ಹಾಕಿ ಕೈಮುಗಿಯುವುದು ಉತ್ತರ ಕರ್ನಾಟಕದ ರೂಢಿ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಹಿಡಿದ ಜೋಳಿಗೆ ಬೇರೆಯದನ್ನು ಬೇಡಿತು. ಅವರು ಕೇಳಿದ್ದು ಜನರ ಚಟಗಳನ್ನು. ಜೇಬಿನಲ್ಲಿದ್ದ ಬೀಡಿ ಕಟ್ಟು, ಗುಟ್ಕಾ ಚೀಟಿ ಜೋಳಿಗೆಗೆ ಬಿದ್ದವು. ಇನ್ನು ಕುಡಿಯುವುದಿಲ್ಲ ಎಂಬ ಮಾತುಗಳೂ ಬಿದ್ದವು. ‘ಮಹಾಂತ ಜೋಳಿಗೆ’ ಎಂದೇ ಹೆಸರಾದ ಈ ಕೆಲಸವನ್ನು ಅವರು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ಈಗ ‘ವ್ಯಸನಮುಕ್ತ ದಿನ’ವಾಗಿ ಆಚರಿಸುತ್ತದೆ.

ಈ ಜೋಳಿಗೆಯ ಬಲ ಮೂರು ಸಂಗತಿಗಳಲ್ಲಿತ್ತು. ಕುಡುಕ ಮಠಕ್ಕೆ ಬರಲಿ ಎಂದು ಸ್ವಾಮಿಗಳು ಕಾಯಲಿಲ್ಲ, ತಾವೇ ಅವನ ಬಾಗಿಲಿಗೆ ಹೋದರು. ನೀನು ಪಾಪಿ ಎನ್ನಲಿಲ್ಲ, ನಿನ್ನದೊಂದು ವಸ್ತು ನನಗೆ ಕೊಡು ಎಂದು ಬೇಡಿದರು. ಊರೆಲ್ಲ ಛೀ ಅಂದವನು ಆ ಗಳಿಗೆಯಲ್ಲಿ ದಾನ ಕೊಡುವವನಾದ. ಜೊತೆಗೆ ಹೆಂಡತಿ, ಮಕ್ಕಳು, ನೆರೆಯವರ ಎದುರೇ ಮಾತು ಕೊಡುವುದರಿಂದ ಇಡೀ ಓಣಿ ಅದಕ್ಕೆ ಸಾಕ್ಷಿಯಾಯಿತು. ಇವತ್ತಿನ ಆಪ್ತಸಮಾಲೋಚಕರೂ ಇದನ್ನೇ ಕಲಿಯುತ್ತಾರೆ: ಅವಮಾನ ಮಾಡಬೇಡಿ, ಬಿಡುವ ಮನಸ್ಸು ಅವನೊಳಗಿನಿಂದಲೇ ಬರಲಿ, ಮನೆಯವರನ್ನು ಜೊತೆಗಿಟ್ಟುಕೊಳ್ಳಿ.

ಶ್ರಾವಣ ಕಲಿಸುವ ಪಾಠ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತ ವರ್ಷವಿಡೀ ಕುಡಿಯುವ ಎಷ್ಟೋ ಮಂದಿ ಶ್ರಾವಣದಲ್ಲಿ ಮುಟ್ಟುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದವರು ವ್ರತ ಮುಗಿಯುವತನಕ ಅಂಗಡಿಯ ಕಡೆ ಸುಳಿಯುವುದಿಲ್ಲ. ರಂಜಾನಿನ ತಿಂಗಳಲ್ಲಿ ಬಿಡುವವರೂ ಇದ್ದಾರೆ. ‘ಶ್ರಾವಣ ಐತ್ರಿ, ಈಗ ಒಲ್ಲೆ’ ಎಂದರೆ ಜೊತೆಗಾರರೂ ಒತ್ತಾಯಿಸುವುದಿಲ್ಲ. ತಿಂಗಳು ಮುಗಿದ ಮೇಲೆ ಹಲವರು ಮತ್ತೆ ಹಳೆಯ ದಾರಿ ಹಿಡಿಯುತ್ತಾರೆ ಎಂಬುದೂ ನಿಜ.

ನಂಬಿಕೆಯನ್ನು ಗೌರವಿಸುವ ಸಮಾಲೋಚಕ ಈ ತಿಂಗಳಿನಿಂದಲೇ ಮಾತು ಶುರು ಮಾಡುತ್ತಾನೆ. ಒಂದು ತಿಂಗಳು ಬಿಟ್ಟಿದ್ದಿರಲ್ಲ, ಆಗ ನಿಮ್ಮನ್ನು ತಡೆದದ್ದು ಯಾವುದು? ಸಂಜೆಯ ಹೊತ್ತು ಏನು ಮಾಡುತ್ತಿದ್ದಿರಿ? ಯಾರ ಜೊತೆ ಕೂಡುತ್ತಿದ್ದಿರಿ? ಮುಗಿದ ಮರುದಿನ ಏನಾಯಿತು? ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಆ ಮನುಷ್ಯನಿಗೆ ಯಾವುದು ಆಸರೆಯಾಗಿತ್ತೋ ಅದನ್ನು ಹುಡುಕಿ ಗಟ್ಟಿ ಮಾಡುವುದಷ್ಟೇ ಕೆಲಸ. ನಂಬಿಕೆ ಇಲ್ಲದವನಿಗೆ ಅದನ್ನು ಹೇರುವಂತಿಲ್ಲ. ಒಂದು ಮತದವನನ್ನು ಇನ್ನೊಂದಕ್ಕೆ ಎಳೆಯುವಂತೆಯೂ ಇಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಹುಟ್ಟಿದ, ಕುಡಿತ ಬಿಡಬಯಸುವವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟವೂ ತನಗಿಂತ ದೊಡ್ಡದೊಂದು ಶಕ್ತಿಯ ಮೇಲೆ ಭಾರ ಹಾಕು ಎಂದಿತು. ಆ ಶಕ್ತಿ ಯಾವುದೆಂಬುದನ್ನು ಅವರವರಿಗೇ ಬಿಟ್ಟಿತು. ನಮ್ಮಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರಿನ ನಡುವೆಯೇ ಭಜನೆ, ಸಲಹೆ, ವೈದ್ಯರ ತಪಾಸಣೆಯನ್ನು ಒಟ್ಟಿಗೆ ತಂದವು. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಯ ಹೆಸರಿನಲ್ಲಿ, ಕುಡಿತ ಬಿಟ್ಟವರು ಒಬ್ಬರನ್ನೊಬ್ಬರು ಕಾಯುವ ಏರ್ಪಾಡನ್ನೂ ಮಾಡಿದವು.

ಮೂರನೆಯ ದಿನದ ಅಪಾಯ

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲು ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು, ಮನೆಯವರ ಗುರುತೇ ಸಿಗದಿರುವುದು ಶುರುವಾಗಬಹುದು. ‘ಗಾಳಿ ಸೋಕೇತಿ’ ಎಂದು ಆಗ ಅಂತ್ರ ಕಟ್ಟಿಸುತ್ತ ಕೂತರೆ ಜೀವವೇ ಹೋದೀತು. ಇದು ಆಸ್ಪತ್ರೆಯಲ್ಲಿ ಗುಣವಾಗುವ ಕಾಯಿಲೆ. ಅದಕ್ಕೆ ಮಾತ್ರೆಗಳಿವೆ, ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಇಂಜೆಕ್ಷನ್ ಇದೆ. ಭಾರೀ ಕುಡಿತದವರು ಮಾತು ಕೊಡುವ ದಿನವೇ ವೈದ್ಯರನ್ನೂ ಕಾಣಬೇಕು.

ಕುಡಿತ ಬಿಡಿಸುವ ಔಷಧಿಯನ್ನು ಕುಡಿಯುವವನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವುದೂ ಅಷ್ಟೇ ಅಪಾಯ. ಆ ಮಾತ್ರೆ ಹೊಟ್ಟೆಯಲ್ಲಿದ್ದಾಗ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಅವನಿಗೆ ತಿಳಿಸಿ, ಅವನು ಒಪ್ಪಿ, ವೈದ್ಯರು ಬರೆದುಕೊಟ್ಟರಷ್ಟೇ ಅದು ಮದ್ದು.

ಇನ್ನೊಂದು ಗಾಯ ಕಣ್ಣಿಗೆ ಕಾಣುವುದಿಲ್ಲ. ‘ಅಜ್ಜಾರಿಗೆ ಮಾತು ಕೊಟ್ಟು ತಪ್ಪಿದೆ’ ಎಂಬ ಪಾಪಭಾವದಲ್ಲಿ ಬೇಯುವವನು ಮಠದ ದಾರಿಯನ್ನೇ ಬಿಡುತ್ತಾನೆ, ಆ ನೋವಿಗೆ ಇನ್ನಷ್ಟು ಕುಡಿಯುತ್ತಾನೆ. ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಎಡವಿದವನಿಗೆ ಮೊದಲು ಬೇಕಾದದ್ದು, ಮತ್ತೆ ಬಾ ಎನ್ನುವ ಮಾತು.

ಅಳಲು ಬಿಡಬೇಕು

ದುಃಖದ ವಿಷಯದಲ್ಲಿ ಈ ಸೀಮೆಗೆ ದೊಡ್ಡ ಸಂಪತ್ತಿದೆ. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ಕೆಲಸ ಬಿಟ್ಟಾದರೂ ಜನ ‘ಮಣ್ಣಿಗೆ’ ಹೋಗುತ್ತಾರೆ, ಆಮೇಲೆ ಮಾತಾಡಿಸಿಕೊಂಡು ಬರುತ್ತಾರೆ. ಮೊಹರಂನಲ್ಲಿ ಕರ್ಬಲಾದ ಸಾವುಗಳನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವಾಗ ಹಿಂದೂ, ಮುಸ್ಲಿಮರಿಬ್ಬರೂ ಕೂಡುತ್ತಾರೆ. ಎಲ್ಲರೆದುರು ಅಳಬಹುದು ಎಂದು ಈ ಆಚರಣೆಗಳು ಒಪ್ಪಿಗೆ ಕೊಡುತ್ತವೆ. ಕಷ್ಟ ಶುರುವಾಗುವುದು ದಿನಕರ್ಮ ಮುಗಿದು ಬೀಗರು ಹೊರಟ ಮೇಲೆ. ‘ಎಲ್ಲಾ ದೇವರ ಇಚ್ಛಾ, ಸಮಾಧಾನ ಮಾಡ್ಕೋವಾ’ ಎಂಬ ಮಾತು ಬೇಗನೆ ಬಂದರೆ ಮಗನನ್ನು ಕಳೆದುಕೊಂಡ ತಾಯಿಯ ಬಾಯಿ ಕಟ್ಟುತ್ತದೆ. ದೇವರ ಮೇಲೆ ಸಿಟ್ಟು ಬಂದಿದೆ ಎಂದು ಅವಳಿಗೆ ಅನ್ನಿಸಿದರೆ ಅದನ್ನೂ ಹೇಳಲು ಬಿಡಬೇಕು.

ಆರು ತಿಂಗಳು ಕಳೆದರೂ ದುಃಖ ತಗ್ಗದೆ, ಊಟ, ಕೆಲಸ, ಮಕ್ಕಳ ಆರೈಕೆ ಯಾವುದೂ ಸಾಗದಂತಾದರೆ ಅದಕ್ಕೆ ಚಿಕಿತ್ಸೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಗುರುತಿಸಿದೆ. ಕಳೆದುಕೊಳ್ಳುವುದು ಮನುಷ್ಯರನ್ನಷ್ಟೇ ಅಲ್ಲ ಎಂಬುದನ್ನು ಬಾಗಲಕೋಟೆಯವರಿಗೆ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಓಣಿಗಳನ್ನೂ ಸುತ್ತಲಿನ ಹಳ್ಳಿಗಳ ಹೊಲಗಳನ್ನೂ ನುಂಗಿತು. ನವನಗರದಲ್ಲಿ ಮನೆ ಸಿಕ್ಕಿತು, ಪರಿಹಾರದ ದುಡ್ಡೂ ಬಂತು. ಹಿರಿಯರನ್ನು ಮಣ್ಣು ಮಾಡಿದ ಹೊಲ ಹೋದ ಸಂಕಟಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ಇರಲಿಲ್ಲ.

ಸಿಟ್ಟು ಯಾರ ಮೇಲೆ?

ಹುನಗುಂದ ತಾಲ್ಲೂಕಿನ ಕೂಡಲಸಂಗಮ ಬಸವಣ್ಣನವರು ಐಕ್ಯರಾದ ನೆಲ. ಕೋಪವನ್ನು ಗೆಲ್ಲುವುದನ್ನು ಶರಣರು ದಿನದಿನದ ನಡತೆಯ ಭಾಗವಾಗಿ ಕಂಡರು. ಇಷ್ಟಲಿಂಗ ಪೂಜೆಗೆ ಕೂರುವವರಿಗೆ ಉಸಿರು ನಿಧಾನವಾಗುವ ಅನುಭವ ಹೊಸದಲ್ಲ, ನಮಾಜಿಗೆ ನಿಲ್ಲುವವರಿಗೂ ಹೊಸದಲ್ಲ. ಸಿಟ್ಟು ಏರುವಾಗ ಆ ನಿಲುಗಡೆಯನ್ನೇ ನೆನಪಿಗೆ ತಂದುಕೊಳ್ಳಲು ಸಮಾಲೋಚಕರು ಕಲಿಸಬಹುದು. ಸಿಟ್ಟಿನ ಹಿಂದೆ ಸಾಲವಿದೆಯೋ, ನಿದ್ದೆಗೇಡಿದೆಯೋ, ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ ಬರಿಗೈಲಿ ಮರಳಿದ ಅವಮಾನವಿದೆಯೋ ಕೇಳಿ ತಿಳಿಯಬೇಕು.

ಆದರೆ ಗಂಡನ ಹೊಡೆತಕ್ಕೆ ‘ತಾಳಿಕೋ, ಎಲ್ಲಾ ಸರಿ ಹೋಗ್ತೈತಿ’ ಎಂಬ ಉಪದೇಶ ಯಾವ ಧರ್ಮಪೀಠದಿಂದಲೂ ಬರಬಾರದು. ಸಿಟ್ಟಿನ ಹೊಣೆ ಸಿಟ್ಟಾದವನದೇ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ, ತುರ್ತಿಗೆ 112 ಇದೆ. ಈ ಸಂಖ್ಯೆಗಳನ್ನು ಗುಡಿಯ ಗೋಡೆಯ ಮೇಲೂ ಬರೆಸಬೇಕು.

ಮಠವೂ ಬೇಕು, ದವಾಖಾನೆಯೂ ಬೇಕು

ನಂಬಿಕೆಯ ತಾಣದಿಂದ ವೈದ್ಯರನ್ನು ಹೊರಗಿಟ್ಟರೆ ಏನಾದೀತು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ದರ್ಗಾದ ಸಮೀಪದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಒಟ್ಟು 28 ಜೀವ ಹೋದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಎಂಬ ಹೆಸರಿನಲ್ಲಿ ಬೇರೆಯೇ ದಾರಿ ತೆರೆಯಿತು. ಪ್ರಾರ್ಥನೆಗೆ ಬಂದವರನ್ನು ಮುಜಾವರರೇ ಪಕ್ಕದ ಮನೋವೈದ್ಯರ ಬಳಿ ಕಳಿಸಿದರು.

ನಮ್ಮಲ್ಲೂ ಇದಕ್ಕೆ ಬೇಕಾದದ್ದು ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಿದೆ. ಫೋನಿನಲ್ಲೇ ಕನ್ನಡದಲ್ಲಿ ಮಾತಾಡಬೇಕೆಂದರೆ ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ ಮಾನಸ್ 14416 ಇದೆ, ಮಾದಕ ವ್ಯಸನಕ್ಕೆ 14446 ಇದೆ.

ಆಗಸ್ಟ್ 1 ಬರುವುದು ಶ್ರಾವಣದ ಆಸುಪಾಸಿನಲ್ಲೇ. ಅಂದು ಪ್ರತಿಜ್ಞೆ ಬೋಧಿಸುವ ವೇದಿಕೆಯ ಪಕ್ಕದಲ್ಲಿ ಒಬ್ಬ ವೈದ್ಯರೂ ಒಬ್ಬ ಆಪ್ತಸಮಾಲೋಚಕರೂ ಕೂರಲಿ. ಮಾತು ಕೊಟ್ಟವರು ಒಪ್ಪಿದರೆ ಅವರ ಹೆಸರು ಬರೆದುಕೊಂಡು, ಮೂರನೆಯ ದಿನ, ತಿಂಗಳ ಕೊನೆಗೆ, ಮತ್ತೆ ದೀಪಾವಳಿಗೆ ಯಾರಾದರೂ ಹೋಗಿ ಮಾತಾಡಿಸಿ ಬರಲಿ. ಅವರು ಹೇಳಿಕೊಂಡದ್ದು ಓಣಿಯ ಸುದ್ದಿಯಾಗದಿರಲಿ. ಗುಳಿಗೆ ಬಿಡಿ, ದೇವರನ್ನು ನಂಬಿ ಎಂದು ಯಾವ ಸ್ವಾಮಿಗಳೂ ಹೇಳದಿರಲಿ. ಪೂಜೆ ಬಿಡಿ, ಗುಳಿಗೆ ನುಂಗಿ ಎಂದು ಯಾವ ವೈದ್ಯರೂ ಹೇಳದಿರಲಿ. ಮಹಾಂತ ಸ್ವಾಮೀಜಿ ಬಾಗಿಲು ಬಾಗಿಲಿಗೆ ಹೋಗಿ ಬೇಡಿದರು. ಅವರ ಹೆಸರಿನಲ್ಲಿ ದಿನ ಆಚರಿಸುವ ನಾವು, ಮಾತು ಕೊಟ್ಟವರ ಬಾಗಿಲಿಗೆ ಎರಡನೆಯ ಸಲ ಹೋಗುವ ಹೊಣೆ ಹೊರಬೇಕು.